ತೂಕ ನೋಡು

ನಮ್ಮ ಮಾರುಕಟ್ಟೆಗೆ ಹೆಸರೇ ‘ತೂಕ ನೋಡು’.
ಬೆಲೆಮಿನ ಹೊಳೆದಂಡೆ, ನಸುಕಿನ ನಾಲ್ಕು ಗಂಟೆ,
ದೋಣಿ ಬಂದು ತಾಕುವ ಮೊದಲು
ಮೀನಿನ ವಾಸನೆ ಬಂದು ತಾಕುತ್ತದೆ.
ನಾನು ಝೆನೈಡಿ. ಇಪ್ಪತ್ತೆರಡು ವರ್ಷದಿಂದ
ಸೀಗಡಿಯ ತಲೆ ಚಿವುಟಿ, ಬೆನ್ನು ಸೀಳಿ
ಕಿಲೋ ಲೆಕ್ಕದಲ್ಲಿ ಕೊಡುತ್ತೇನೆ.
ತಕ್ಕಡಿಗೆ ಮೋಸ ಮಾಡಿದವಳಲ್ಲ;
ಒಂದೆರಡು ಸಲ, ಕ್ರಿಸ್‌ಮಸ್ ಹೊತ್ತಿಗೆ.

ಸಂಜೆ ಏಳಕ್ಕೆ ಟಯರ್ ಅಂಗಡಿಯ ಮಾಳಿಗೆ.
ನೀಲಿ ಚಾಪೆ, ಗೊರಗುಟ್ಟುವ ಫ್ಯಾನು,
ಯಾರದೋ ಬೆವರು ಯಾರದೋ ಅಂಗಿಗೆ.
ಅಲ್ಲಿ ನನ್ನ ಜೋಡಿ ಕವೆ.
ವಯಸ್ಸು ಹತ್ತೊಂಬತ್ತು, ತೂಕ ತೊಂಬತ್ತೊಂದು,
ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಾನೆ.
ತುಂಬ ಮರ್ಯಾದಸ್ಥ:
“ಅಕ್ಕಾ, ಉಸಿರಾಡ್ತಿದ್ದೀಯಾ?” ಎಂದು ಕೇಳಿಯೇ
ನನ್ನೆದೆಗೆ ಅಡ್ಡವಾಗಿ ಅವನೆದೆ ಇಳಿಸುತ್ತಾನೆ,
ನೆನೆದ ಮರಳಿನ ಮೂಟೆಯ ಹಾಗೆ.

ಎಂಟು ತಿಂಗಳು ಅವನನ್ನು ತಳ್ಳಿದೆ.
ತೋಳು ತಳ್ಳಿತು, ಕುತ್ತಿಗೆ ತಳ್ಳಿತು,
ಕಚ್ಚಿದ ಹಲ್ಲು ಕೂಡ ತಳ್ಳಿತು.
ತಳ್ಳಿದ ಕೈಯನ್ನೇ ಅವನು ಎತ್ತಿಕೊಂಡು
ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದ.
ಚಾಪೆಗೆ ಎರಡು ಸಲ ತಟ್ಟು. ಮತ್ತೆ ಮೊದಲಿಂದ.
ಗಿರಾಕಿಗಳ ಸಾಲ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ
ತಟ್ಟಿದ್ದನ್ನೂ ಬರೆದಿಟ್ಟೆ:
ಮಂಗಳವಾರ ಏಳು.
ಗುರುವಾರ ಒಂಬತ್ತು.
ಶನಿವಾರ ನಾಲ್ಕು, ಅವನಿಗೆ ಜ್ವರ.

ಎವನಿಲ್ದು ಮೇಷ್ಟ್ರು ಮೊಣಕಾಲು ಸೋತವರು,
ಒಂದು ಕಾಲು ಚಾಚಿ, ಕುರ್ಚಿಯಿಂದಲೇ ಪಾಠ.
ಹೊಸ ಪಟ್ಟು ಕೊಡಿ ಎಂದೆ.
“ಮೊದಲು ನೀನು ಹಿಡಿದ ಪಟ್ಟು ಬಿಡು.”
ಅಷ್ಟೇ ಹೇಳಿ ಬೆರಳು ತೋರಿಸಿದರು:
ಈ ಗೋಡೆಯಿಂದ ಆ ಗೋಡೆಗೆ, ಸೀಗಡಿ.
ಆ ವರಸೆಯ ಹೆಸರೇ ಅದು, ನನ್ನ ಕರ್ಮ.
ಅಂಗಾತ ಮಲಗು, ಹಿಮ್ಮಡಿ ಊರು,
ಸೊಂಟ ಎತ್ತು, ಮಗ್ಗುಲಾಗು, ಅಂಡು ಹಿಂದಕ್ಕೆ ಚಿಮ್ಮಿಸು,
ಮೈಯೆಲ್ಲ ಒಂದು ಕೊಕ್ಕೆ. ಬಿಚ್ಚು. ಮತ್ತೆ ಕೊಕ್ಕೆ.
ಹಗಲೆಲ್ಲ ಸುಲಿದದ್ದೇ ರಾತ್ರಿ ನಾನಾಗಬೇಕು.
ಹುಡುಗಿಯರು ನಕ್ಕರು. ನಾನೂ ನಕ್ಕೆ,
ನಗುವಾಗ ಸೊಂಟ ಹಿಡಿಯಿತು.

ಕಳೆದ ಬುಧವಾರ ಬುಟ್ಟಿಯಲ್ಲೊಂದಕ್ಕೆ ಇನ್ನೂ ಜೀವವಿತ್ತು.
ಬೆರಳಿಂದ ಒತ್ತಿದೆ.
ಅದು ಬೆರಳನ್ನು ತಳ್ಳಲಿಲ್ಲ.
ಬೆರಳಿಗೂ ತನಗೂ ಜಗಳವೇ ಇಲ್ಲವೆಂಬಂತೆ
ಬಾಲ ಮಡಚಿತು, ಅಷ್ಟೆ.
ಬೆರಳು ಇದ್ದಲ್ಲೇ ಇತ್ತು,
ಅದು ಇರಲಿಲ್ಲ.
“ಏನಮ್ಮಾ, ನಿಂತೇ ನಿದ್ದೆಯಾ?” ಎಂದಳು
ಕಾಲು ಕಿಲೋ ಕೇಳಿ ಕಾದಿದ್ದವಳು.

ಆ ಸಂಜೆ ಕವೆ ಇಳಿದ. ಫ್ಯಾನು ಮರೆಯಾಯಿತು.
ತೂಕ ನೋಡಿದೆ.
ಹೊರುವವಳ ಹಾಗಲ್ಲ,
ಮಾರುವವಳ ಹಾಗೆ ನೋಡಿದೆ:
ತೊಂಬತ್ತೊಂದೂ ಎದೆಯ ಮೇಲಿಲ್ಲ,
ಹೆಚ್ಚಿನದೆಲ್ಲ ಎಡ ಭುಜದತ್ತ ವಾಲಿದೆ,
ಸೊಂಟದ ಬಳಿ ಒಂದು ಬೆರಳಷ್ಟು ಬರಿ ಗಾಳಿ.
ಅವನ ಕುತ್ತಿಗೆಗೆ ಮುಂಗೈ ಕೊಟ್ಟೆ,
ಬಾಗಿಲಿಗೆ ಅಗುಳಿ ಕೊಟ್ಟಂತೆ,
ದೂಡಲಿಕ್ಕಲ್ಲ, ಇನ್ನೂ ಒಳಗೆ ಬಾರದಿರಲಿ ಎಂದು.
ಕುರ್ಚಿಯಿಂದ ದನಿ:
“ಅವನು ಅಲ್ಲೇ ಇರಲಿ. ನೀನು ಸರಿ.”

ಸರಿದೆ.
ಇನ್ನೊಂದು ಗೇಣು ಸರಿದೆ.
ಸಂದಿಯಲ್ಲಿ ಮೊಣಕಾಲು ತೂರಿತು,
ಅದರ ಹಿಂದೆ ನನ್ನ ಇಡೀ ಕಾಲು,
ಅದರ ಹಿಂದೆ, ಎಲ್ಲಿತ್ತೋ, ಒಂದು ದೊಡ್ಡ ಉಸಿರು.
ಕವೆ ಗಾಳಿಯನ್ನು ಅಪ್ಪಿಕೊಂಡು ಮಲಗಿದ್ದ.

ಮೂರೇ ಕ್ಷಣ. ಆಮೇಲೆ ಕಾಲರಿಗೆ ಕೈ ಹಾಕಿ
ಕತ್ತು ಬಿಗಿದ. ತಟ್ಟಿದೆ.
(ಬುಧವಾರ: ಆರು.)
ಕೆಂಪಾದ ಕಿವಿ ಉಜ್ಜಿಕೊಳ್ಳುತ್ತ ಅವನು,
ಹಲ್ಲಿನ ತಂತಿಯೆಲ್ಲ ಕಾಣುವಂತೆ:
“ಅಕ್ಕಾ, ಮುಂಚಿನದು ಚೆನ್ನಾಗಿತ್ತು. ಯಾರು ಹೇಳಿಕೊಟ್ಟರು?”
ಏನೆನ್ನಲಿ.
ಬೆಳಗ್ಗೆ ಒಂಬತ್ತಕ್ಕೇ ನನ್ನ ಗುರುವನ್ನು
ಕಾಲು ಕಿಲೋದ ಜೊತೆ ತೂಗಿ ಮಾರಿಬಿಟ್ಟಿದ್ದೆ.