ಕಂದ್ಯಗಾಶ್, ರಾತ್ರಿಪಾಳಿ

ಮೂರು ದಿನದ ನೆಗಡಿ. ಎರಡೂ ಕಿವಿಗೆ
ಕುರಿಯುಣ್ಣೆ ಗಿಡಿದಂತಿದೆ.
ಒಳಗೊಂದು ಜೀರುಂಡೆ, ಈ ಹಿಮದಲ್ಲೂ,
ಹೊತ್ತುಗೊತ್ತಿಲ್ಲದೆ ಗುಂಯ್‌ಗುಡುತ್ತಿದೆ.

ಮಾಸ್ಕೋ ಗಾಡಿ ನಿಲ್ಲುವುದು ಹನ್ನೆರಡೇ ನಿಮಿಷ.
ಉದ್ದ ಹಿಡಿಯ ಸುತ್ತಿಗೆ, ಎಡಗೈಯಲ್ಲಿ ಲಾಟೀನು.
ತಟ್ಟಿದರೆ ಗಟ್ಟಿ ಗಾಲಿ ಕಂಚಿನ ಹಾಗೆ ಓಗೊಡುತ್ತದೆ,
ಬಿರುಕಿದ್ದದ್ದು ತೊದಲುತ್ತದೆ.
ಇಪ್ಪತ್ತಾರು ಚಳಿಗಾಲ, ನನಗಿದು ಅಂಗೈ ನೆಲ್ಲಿ.

ಇವತ್ತು ಎಲ್ಲವೂ ಒಂದೇ: ಧಪ್. ಧಪ್.
ಹಿಟ್ಟಿನ ಮೂಟೆಗೆ ಹೊಡೆದ ಹಾಗೆ.
ಏಳನೆಯ ಬೋಗಿಯಡಿ ಸಣ್ಣಗೆ ಏನೋ ನಡುಗಿತು.
ಗಾಲಿಯದೋ, ನನ್ನ ಜೀರುಂಡೆಯದೋ?
ಮೂಗು ಹಿಡಿದು ಊದಿದೆ.
ಕಣ್ಣಲ್ಲಿ ನೀರು ಬಂತು, ಅಷ್ಟೆ.

"ತೊಲೆಗೆನ್!" ಅಂದೆ. ಬೈದಂತೆ ಕೇಳಿಸಿತೇನೋ,
ನನ್ನ ದನಿ ನನಗೇ ಬಾವಿಯೊಳಗಿಂದ ಬಂತು.
"ಬಾ ಇಲ್ಲಿ. ನೀನು ಕೇಳು."

ನಿನ್ನೆವರೆಗೂ ಅವನ ಕೈಗೆ ಸುತ್ತಿಗೆ ಕೊಟ್ಟವಳಲ್ಲ ನಾನು.
ಹುಡುಗ ತುಪ್ಪಳದ ಟೋಪಿಯ ಕಿವಿ ಮೇಲೆತ್ತಿ ಕಟ್ಟಿದ,
ಬಗ್ಗಿದ, ತಟ್ಟಿದ,
ಉಸಿರು ಹಿಡಿದ.
ಮತ್ತೊಮ್ಮೆ ತಟ್ಟಿದ.

ಗಾರ್ಡು ದೂರದಲ್ಲಿ ಸೀಟಿ ಬಾಯಿಗಿಟ್ಟಿದ್ದ.
ನಾನು ಗಡಿಯಾರ ನೋಡಲಿಲ್ಲ.
ಲಾಟೀನು ಎತ್ತಿ ಹಿಡಿದು ನೋಡುತ್ತಿದ್ದೆ,
ಇಷ್ಟು ವರ್ಷದಲ್ಲಿ ಮೊದಲ ಸಲ,
ಕೇಳುವ ಮುಖ ಹೇಗಿರುತ್ತದೆಂದು.