ಬೆಸುಗೆ ತಪಾಸಣೆ

ಗ್ಡಿನ್ಯಾದ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ನನ್ನ ಪ್ರತಿ ಬೆಸುಗೆಗೂ ಎಕ್ಸ್‌ರೇ ಹಿಡಿದರು.
ಸಾಸಿವೆಯಷ್ಟು ಗುಳ್ಳೆ ಕಂಡರೂ,
"ಕಿತ್ತು ಮತ್ತೆ ಹಾಕು, ಕ್ರೆಫ್ಟ್."

ಈಗ ಸರದಿ ಮೂಳೆಯದು.
ಎಕ್ಸ್‌ರೇ ಬಲು ಸಂಭಾವಿತ: ಅರ್ಧ ಮನೆ ಲೂಟಿಯಾದ ಮೇಲೆ
ಬಾಗಿಲು ತಟ್ಟಿ, ಏನಾದರೂ ಹೋಯಿತೇ ಎನ್ನುತ್ತದೆ.
ಸಿ.ಟಿ. ಗುಮಾಸ್ತ: ಸೊಂಟದಲ್ಲಿ ಹನ್ನೊಂದು ತೂತು, ಬುರುಡೆಯಲ್ಲಿ ನಾಲ್ಕು.
ಎಂಆರ್‌ಐ ಕೊಳವೆ ಮಾತ್ರ ಥೇಟು ನಮ್ಮ ಹಡಗುಕಟ್ಟೆ,
ಅದೇ ಸುತ್ತಿಗೆ, ಅದೇ ಗದ್ದಲ;
ಅಷ್ಟು ಗದ್ದಲದಲ್ಲೂ ಅದಕ್ಕೆ
ಮಜ್ಜೆಯೊಳಗಿನ ಪಿಸುಮಾತು ಕೇಳಿಸುತ್ತದಂತೆ,
ತೂತು ಬೀಳುವ ಮೊದಲೇ.

ಆರು ತಿಂಗಳು ಮದ್ದು. ಆಮೇಲೆ ಸಕ್ಕರೆ ಚುಚ್ಚಿ ಪೆಟ್.
ಡಾಕ್ಟರ್ ಬೊಗ್ನಾ ಎರಡು ಚಿತ್ರ ಅಕ್ಕಪಕ್ಕ ಇಟ್ಟರು.
ಒಂದರಲ್ಲಿ ಹನ್ನೊಂದು ತೂತೂ ಇದ್ದಲ್ಲೇ ಇವೆ.
ಇನ್ನೊಂದರಲ್ಲಿ ಹತ್ತು ಆರಿಹೋದ ಒಲೆ;
ಎಡಗಡೆಯದೊಂದು ಮಾತ್ರ ಇನ್ನೂ ಸಕ್ಕರೆ ಮೆಲ್ಲುತ್ತಿದೆ.

"ಮುಚ್ಚಿಕೊಳ್ಳುವುದಿಲ್ಲವೇ?"
"ತೂತೇ? ಬಹುಶಃ ಇಲ್ಲ. ಆ ಹತ್ತರಲ್ಲಿ ಈಗ ಯಾರೂ ಇಲ್ಲ, ಅಷ್ಟೇ."

ನಮ್ಮ ಕಾಲದಲ್ಲಿ ಇಂಥ ಹಡಗನ್ನು ನೀರಿಗೆ ಬಿಡುತ್ತಿರಲಿಲ್ಲ,
ಎಂದೆ. ಅವರು ನಕ್ಕು, ಗುರುವಾರ ಬನ್ನಿ ಎಂದರು.

ಹೊರಗೆ ಟ್ರಾಲಿಬಸ್ಸಿನ ತಂತಿಯಲ್ಲಿ ನೀಲಿ ಕಿಡಿ ಸಿಡಿಯಿತು.
ಇಲ್ಲದ ಮುಖಗವಸು ಇಳಿಸಲು
ಕೈ ತಾನಾಗಿ ಹಣೆಗೆ ಹೋಯಿತು.