ನೊರೆ ಲೆಕ್ಕಕ್ಕಿಲ್ಲ

ಟೇಪು ಹೀಗೆ ಬಿಡು, ತುಂಜಾಯ್, ಬೆರಳ ಸಂದಿಯಿಂದ.
ಬಾವಿಗೆ ಹಗ್ಗ ಬಿಟ್ಟಂತಲ್ಲ,
ನಿದ್ದೆಹೋದ ಕೂಸಿನ ಮುಷ್ಟಿಯಿಂದ
ಬೆರಳು ಬಿಡಿಸಿಕೊಂಡಂತೆ.
ಹಿತ್ತಾಳೆ ಗುಂಡು ತಳ ಮುಟ್ಟಿದ್ದು
ಮೊಣಕೈಗೆ ತಿಳಿಯಬೇಕು.

ಇದು ಎಣ್ಣೆ ಎಂದರೆ ಎಣ್ಣೆಯಲ್ಲ.
ಪೆಟ್ರೋಲು ಮೊದಲೇ ಎದ್ದು ಹೋಯಿತು,
ವಿಮಾನದವರು ಬಂದರು, ಲಾರಿಯವರು ಬಂದರು,
ಅವರವರ ಪಾಲು ಅವರವರು ಬಸಿದುಕೊಂಡರು.
ಹಂಡೆಯ ಅಡಿ ಹಿಡಿದ ಗಸಿ, ಚರಟ,
ಯಾರಿಗೂ ಬೇಡದ್ದು, ಹಡಗಿಗೆ.
ತಣ್ಣಗಿದ್ದರೆ ಮಿಸುಕುವುದಿಲ್ಲ.
ಆವಿಯ ಕೊಳವೆ ಸುತ್ತಿ, ಕಾಸಿ, ಓಲೈಸಿದರೆ
ಹಬ್ಬದೂಟ ಮುಗಿಸಿದ ಮಾವನ ಹಾಗೆ
ಮೆಲ್ಲಗೆ ಏಳುತ್ತದೆ.
ಊರೂರಿನ ಗೋಧಿ, ಗೊಬ್ಬರ, ಗೊಂಬೆ
ಎಲ್ಲವೂ ಸಾಗುವುದು ಇದರ ಮೇಲೇ.
ನನ್ನ ಅಂಗಿಗಳಿಗೆ ಮಾತ್ರ ನೆರಿಮಾನ್
ಬೇರೆ ಬಕೆಟ್ಟು ಇಟ್ಟಿದ್ದಾಳೆ, ಇಪ್ಪತ್ತೆರಡು ವರ್ಷದಿಂದ.

ಈಗ ಬಗ್ಗಿ ನೋಡು. ಮುಖ ಪಕ್ಕಕ್ಕೆ, ಉಸಿರು ಎಳೆಯಬೇಡ.
ಮೇಲೆ ಕಂದು ಗುಳ್ಳೆ, ಕಾಫಿಯದರಂತೆ, ಕಂಡಿತೇ?
ರಾತ್ರಿಯೆಲ್ಲ ಗಾಳಿ ಊದಿದ್ದಾರೆ.
ಟೇಪಿಗೆ ಕಣ್ಣಿಲ್ಲ,
ಒದ್ದೆಯಾದಷ್ಟೂ ಎಣ್ಣೆ ಎನ್ನುತ್ತದೆ ಅದು.
ಸಿನೋಪಿನ ನಮ್ಮಜ್ಜಿ ಹಾಲಿನವಳಿಗೆ ಹೇಳುತ್ತಿದ್ದಳು:
ಅಷ್ಟೆತ್ತರದಿಂದ ಸುರಿಯಬೇಡವೇ,
ನೊರೆಗೆ ನಾನು ಕಾಸು ಕೊಡೆ.

ಒಂದು ಚಳಿಗಾಲ,
ಲೋದೋಸ್ ಎದ್ದು ಮರ್ಮರ ತಲೆಕೆಳಗಾದ ರಾತ್ರಿ,
ಬೇಗ, ಬೇಗ, ಅಂದ ಬಾರ್ಜಿನ ಕ್ಯಾಪ್ಟನ್.
ನೊರೆಯ ಮೇಲೇ ಓದಿಬಿಟ್ಟೆ.
ಹನ್ನೆರಡು ಸೆಂಟಿಮೀಟರ್ ಗಾಳಿಗೆ
ನನ್ನ ಸಹಿ.

ಹಡಗು ಮುಳುಗಲಿಲ್ಲ, ಹಾಗೆ ನೋಡಬೇಡ.
ಸರಿಯಾಗಿ ಮಾಲ್ಟಾ ಸೇರಿತು.
ಅಲ್ಲಿ ಅಳೆದಾಗ ಹನ್ನೊಂದು ಟನ್ ಕಡಿಮೆ.
ಎಂಜಿನಿಯರ್ ಕದ್ದು ಮಾರಿದನೆಂದು
ಪೆಟ್ಟಿಗೆ ಸಮೇತ ದಕ್ಕೆಯ ಮೇಲೆ ಇಳಿಸಿದರಂತೆ.
ಬಟುಮಿಯವನು. ಹೆಸರು ಅವ್ತಾಂದಿಲ್.
ಆ ರಾತ್ರಿ ನನಗೆ ಚಹಾ ಕೊಟ್ಟಿದ್ದ,
ಇದ್ದದ್ದು ಒಂದೇ ಗ್ಲಾಸು,
ತಾನು ಕುಡಿದದ್ದನ್ನೇ ತೊಳೆದು.

ಕಾಗದದಲ್ಲಿ ನನ್ನ ಅಂಕಿ ಇತ್ತಲ್ಲ,
ಕಾಗದ ಅವನಿಗಿಂತ ಚೊಕ್ಕಟವಾಗಿತ್ತು.

ಹಾರ್ನು ಹೊಡೆದುಕೊಳ್ಳಲಿ ಅವರು.
ಕೂತುಕೋ. ಕೈ ಒರೆಸಿಕೊಂಡು
ಈ ಸಿಮಿತ್ ಮುರಿ, ಎಳ್ಳು ಚೆಲ್ಲಬೇಡ.
ಗುಳ್ಳೆ ಒಡೆಯುವುದು ಕೇಳುತ್ತದೆಯೇ?
ಇನ್ನೂ ಇದೆ.
ಇನ್ನೂ.